ಏಳು ಉಂಗುರ, ಸರಾಸರಿ ಏಳು ಪಾಯಿಂಟ್

2005ರ ಜೂನ್ 19. ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಐದನೇ ಪಂದ್ಯ ಓವರ್‌ಟೈಮ್‌ಗೆ ಹೋಗಿದೆ. ಗಡಿಯಾರದಲ್ಲಿ ಉಳಿದಿರುವುದು 9.4 ಸೆಕೆಂಡ್. ಡೆಟ್ರಾಯಿಟ್ ಪಿಸ್ಟನ್ಸ್ 95, ಸ್ಯಾನ್ ಆಂಟೋನಿಯೊ ಸ್ಪರ್ಸ್ 93. ಏಳು ಪಂದ್ಯಗಳ ಸರಣಿ 2-2ರಲ್ಲಿ ನಿಂತಿದೆ.

ಗೆರೆಯ ಹೊರಗೆ ನಿಂತು ಚೆಂಡನ್ನು ಒಳಕ್ಕೆ ಕೊಡಬೇಕಾದವರು ರಾಬರ್ಟ್ ಹೋರಿ. ವಯಸ್ಸು 34. ಚೆಂಡು ಎಡ ಮೂಲೆಯಲ್ಲಿದ್ದ ಮನು ಜಿನೋಬಿಲಿ ಕೈಗೆ ಹೋಯಿತು. ಹೋರಿಯನ್ನು ಕಾಯುತ್ತಿದ್ದವರು ರಶೀದ್ ವಾಲೆಸ್. ಅಪಾಯ ಇರುವುದು ಜಿನೋಬಿಲಿ ಕೈಯಲ್ಲಿ ಎಂದು ಅವರಿಗೆ ಅನಿಸಿತು. ಹೋರಿಯನ್ನು ಬಿಟ್ಟು ಅತ್ತ ಓಡಿದರು. ಜಿನೋಬಿಲಿ ಚೆಂಡನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿದರು. ಹೋರಿ ಸುತ್ತ ಯಾರೂ ಇರಲಿಲ್ಲ. ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಹಾಕಿ ಮೂರು ಪಾಯಿಂಟ್ ತರುವ ಶಾಟ್. 96-95. ಉಳಿದದ್ದು ಐದು ಚಿಲ್ಲರೆ ಸೆಕೆಂಡ್. ಪಿಸ್ಟನ್ಸ್‌ನ ಕೊನೆಯ ಪ್ರಯತ್ನ ಒಳಗೆ ಬೀಳಲಿಲ್ಲ. ನಾಲ್ಕು ದಿನದ ನಂತರ ಸ್ಪರ್ಸ್ ಚಾಂಪಿಯನ್ ಆಯಿತು.

ಆ ಪಂದ್ಯದಲ್ಲಿ ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿನವರೆಗೂ ಹೋರಿ ಒಂದು ಪಾಯಿಂಟನ್ನೂ ಗಳಿಸಿರಲಿಲ್ಲ. ಅಲ್ಲಿಂದಾಚೆಗೆ 21. ತಂಡದ ಕೊನೆಯ 35 ಪಾಯಿಂಟ್‌ಗಳಲ್ಲಿ 21 ಒಬ್ಬರದ್ದೇ. ತಂಡದ ದೊಡ್ಡಣ್ಣ ಟಿಮ್ ಡಂಕನ್ ಅದೇ ಹೊತ್ತಿನಲ್ಲಿ ಫ್ರೀ ಥ್ರೋಗಳನ್ನು ಒಂದರ ಹಿಂದೆ ಒಂದು ತಪ್ಪಿಸುತ್ತಿದ್ದರು.

(ಹೆಸರಿನ ಬಗ್ಗೆ ಒಂದು ಮಾತು. ಅಕ್ಷರ ನೋಡಿದರೆ ನಮಗೆ ಅದು ಹೋರಿ. ಅಮೆರಿಕದವರು ಹಕಾರ ನುಂಗಿ ‘ಓರಿ’ ಅಂತಾರೆ. ನಾನು ಹೋರಿ ಎಂದೇ ಬರೆಯುತ್ತೇನೆ. ಕೊನೆ ಗಳಿಗೆಯಲ್ಲಿ ಕಣಕ್ಕೆ ನುಗ್ಗುವವರಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗುವುದಿಲ್ಲ.)

ಈ ಹೋರಿಗೆ ಏಳು ಚಾಂಪಿಯನ್‌ಶಿಪ್ ಉಂಗುರಗಳಿವೆ, ಗೆದ್ದ ಪ್ರತಿ ಕಿರೀಟಕ್ಕೊಂದು. ಹ್ಯೂಸ್ಟನ್ ರಾಕೆಟ್ಸ್ ಜೊತೆ 1994, 1995. ಲಾಸ್ ಏಂಜಲೀಸ್ ಲೇಕರ್ಸ್ ಜೊತೆ 2000, 2001, 2002. ಸ್ಪರ್ಸ್ ಜೊತೆ 2005, 2007. ಮೈಕೆಲ್ ಜೋರ್ಡನ್‌ಗೆ ಇರುವುದು ಆರು. 1950, 60ರ ದಶಕದ ಬಾಸ್ಟನ್ ಸೆಲ್ಟಿಕ್ಸ್ ಆಟಗಾರರನ್ನು ಬಿಟ್ಟರೆ ಏಳು ಯಾರಿಗೂ ಇಲ್ಲ. ಅಮೆರಿಕದಲ್ಲಿ ಹೋರಿಗಿಟ್ಟ ಅಡ್ಡಹೆಸರು ‘ಬಿಗ್ ಶಾಟ್ ರಾಬ್’. ಇನ್ನೊಂದು ಕಡೆ ನೋಡಿ. 16 ಸೀಸನ್, 1,107 ಪಂದ್ಯ, ಸರಾಸರಿ 7.0 ಪಾಯಿಂಟ್, 4.8 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು). ಒಮ್ಮೆಯೂ ಆಲ್ ಸ್ಟಾರ್, ಅಂದರೆ ಆ ವರ್ಷದ ಆಯ್ದ ಆಟಗಾರರಲ್ಲಿ ಒಬ್ಬರು, ಅಲ್ಲ. ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರಿಲ್ಲ.

ಇದು ಸರಿಯಾ ತಪ್ಪಾ ಅನ್ನುವ ಜಗಳ ಹಳೆಯದು. 2024ರಲ್ಲಿ ಅದಕ್ಕೆ ಹೊಸ ಜೀವ ಬಂತು. ಆ ವರ್ಷ ಮೈಕೆಲ್ ಕೂಪರ್ ಹಾಲ್ ಆಫ್ ಫೇಮ್ ಸೇರಿದರು. 80ರ ದಶಕದ ಲೇಕರ್ಸ್ ತಂಡದಲ್ಲಿ ಹೆಚ್ಚಿನ ಕಾಲ ಬೆಂಚಿನಿಂದ ಎದ್ದು ಬಂದು ಆಡಿದವರು. ಸರಾಸರಿ 8.9 ಪಾಯಿಂಟ್. ಅವರೂ ಒಮ್ಮೆಯೂ ಆಲ್ ಸ್ಟಾರ್ ಆದವರಲ್ಲ. ಎನ್‌ಬಿಎ ಬಿಟ್ಟ 34 ವರ್ಷಕ್ಕೆ ಕರೆ ಬಂತು. ಕೂಪರ್ ಒಳಗೆ ಹೋದರೆ ಹೋರಿ ಯಾಕಿಲ್ಲ? ಲೇಕರ್ಸ್‌ನಲ್ಲಿ ಹೋರಿ ಜೊತೆಗಿದ್ದ ಡೆರೆಕ್ ಫಿಶರ್ ಯಾಕಿಲ್ಲ? ಪ್ರಶ್ನೆ ಸಹಜ.

ಮೊದಲು ಆ ಬಾಗಿಲು ಎಂಥದ್ದು ಅಂತ ನೋಡೋಣ. ಹಾಲ್ ಆಫ್ ಫೇಮ್ ಇರುವುದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೇಯ್ಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ನೇತುಹಾಕಿ ಈ ಆಟ ಹುಟ್ಟಿಸಿದ ಊರು ಅದು. ಇದು ಎನ್‌ಬಿಎಯ ಆಸ್ತಿಯಲ್ಲ. ಕಾಲೇಜು ಆಟ, ಹೆಂಗಸರ ಆಟ, ಬೇರೆ ದೇಶಗಳ ಆಟ, ಕೋಚ್‌ಗಳು, ರೆಫರಿಗಳು, ತಂಡದ ಮಾಲೀಕರು ಎಲ್ಲರಿಗೂ ಜಾಗ ಇದೆ. ಕೊನೆಯ ಹಂತದಲ್ಲಿ 24 ಜನರ ಸಮಿತಿ ಮತ ಹಾಕುತ್ತದೆ. 18 ಮತ ಬಿದ್ದರೆ ಒಳಗೆ. ಆ 24 ಜನ ಯಾರು? ಹೇಳುವುದಿಲ್ಲ. ಯಾರಿಗೆ ಎಷ್ಟು ಮತ ಬಿತ್ತು? ಅದನ್ನೂ ಹೇಳುವುದಿಲ್ಲ. ಇಷ್ಟು ಪಾಯಿಂಟ್ ಬೇಕು, ಇಷ್ಟು ಪ್ರಶಸ್ತಿ ಬೇಕು ಅನ್ನುವ ನಿಯಮವೂ ಇಲ್ಲ. ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲೂ 75 ಶೇಕಡಾ ಮತ ಬೇಕು, ಆದರೆ ಪತ್ರಕರ್ತರ ಮತದಾನದಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಲೆಕ್ಕ ಹೊರಗೆ ಬರುತ್ತದೆ. ಸೋತವರಿಗೆ ತಾವು ಎಷ್ಟರಲ್ಲಿ ಸೋತೆವು ಅಂತಾದರೂ ಗೊತ್ತಾಗುತ್ತೆ. ಇಲ್ಲಿ ಅದೂ ಇಲ್ಲ. ಹೀಗಾಗಿ ಕೂಪರ್ ಯಾಕೆ ಒಳಗೆ, ಹೋರಿ ಯಾಕೆ ಹೊರಗೆ ಅನ್ನುವುದಕ್ಕೆ ಅಧಿಕೃತ ಉತ್ತರವೇ ಇಲ್ಲ. ನಾವೇ ಕಟ್ಟಿಕೊಳ್ಳಬೇಕು.

ಹೋರಿ ವಿರುದ್ಧ ಎಲ್ಲರೂ ಮೊದಲು ಎತ್ತುವ ಮಾತು ಆ 7.0 ಪಾಯಿಂಟ್. ಏಳು ಪಾಯಿಂಟ್‌ನವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರೆ ಹಾಲ್ ಸಾಲುತ್ತಾ ಅಂತ ಕೇಳುತ್ತಾರೆ. ಈ ವಾದ ನಿಲ್ಲುವುದಿಲ್ಲ. ಬೆನ್ ವಾಲೆಸ್ ಸರಾಸರಿ 5.7. ಅವರು 2021ರಲ್ಲಿ ಒಳಗೆ ಹೋದರು. ಸೆಲ್ಟಿಕ್ಸ್‌ನ ಕೆ.ಸಿ. ಜೋನ್ಸ್ ಸರಾಸರಿ 7.4. ಎಂಟು ಉಂಗುರ. ಅವರೂ ಒಮ್ಮೆಯೂ ಆಲ್ ಸ್ಟಾರ್ ಅಲ್ಲ. 1989ರಲ್ಲೇ ಆಟಗಾರರಾಗಿ ಸೇರಿಬಿಟ್ಟಿದ್ದಾರೆ. ಆಟದ ನಡುವೆ ಬೆಂಚಿನಿಂದ ಎದ್ದು ಬಂದು ಪಂದ್ಯ ತಿರುಗಿಸುವ ಆರನೇ ಆಟಗಾರ ಅನ್ನುವ ಕಲ್ಪನೆಯೇ ಬೆಳೆದದ್ದು ಸೆಲ್ಟಿಕ್ಸ್‌ನ ಫ್ರಾಂಕ್ ರ್‍ಯಾಮ್ಸಿಯಿಂದ. ಅವರು 1982ರಲ್ಲಿ ಸೇರಿದರು. ಅಂದರೆ ಪೋಷಕ ಪಾತ್ರದವರಿಗೆ ಬಾಗಿಲು ಮುಚ್ಚಿಲ್ಲ. ಎಂದೂ ಮುಚ್ಚಿರಲಿಲ್ಲ.

ಆದರೆ ಹತ್ತಿರ ಹೋಗಿ ನೋಡಿದರೆ ಅವರೆಲ್ಲರ ಕೈಯಲ್ಲೂ ಇನ್ನೊಂದು ಚೀಟಿ ಇರುತ್ತದೆ. ಬೆನ್ ವಾಲೆಸ್ ನಾಲ್ಕು ಬಾರಿ ವರ್ಷದ ಅತ್ಯುತ್ತಮ ಡಿಫೆಂಡರ್. ಕೆ.ಸಿ. ಜೋನ್ಸ್ ಕಾಲೇಜಿನಲ್ಲಿ ಬಿಲ್ ರಸೆಲ್ ಜೊತೆ ಚಾಂಪಿಯನ್, 1956ರ ಒಲಿಂಪಿಕ್ ಚಿನ್ನ ಗೆದ್ದವರು. ಕೂಪರ್ 1987ರ ಅತ್ಯುತ್ತಮ ಡಿಫೆಂಡರ್, ವರ್ಷದ ಆಯ್ದ ಡಿಫೆಂಡರ್‌ಗಳ ಪಟ್ಟಿಯಾದ ಆಲ್ ಡಿಫೆನ್ಸಿವ್ ತಂಡಕ್ಕೆ ಎಂಟು ಸಲ ಆಯ್ಕೆಯಾದವರು. ತನ್ನನ್ನು ಕಾದವರಲ್ಲಿ ಕೂಪರ್‌ನಷ್ಟು ಚೆನ್ನಾಗಿ ಯಾರೂ ಕಾಯಲಿಲ್ಲ ಅಂತ ಲ್ಯಾರಿ ಬರ್ಡ್ ಅಂಥವರೇ ಹೇಳಿದ್ದಾರೆ. ಇವರೆಲ್ಲ ಒಂದೊಂದು ಕೆಲಸದಲ್ಲಿ ಆ ಕಾಲಕ್ಕೆ ಮೊದಲ ಸಾಲಿನವರು. ಆ ಕೆಲಸ ಪಾಯಿಂಟ್ ಗಳಿಸುವುದಾಗಿರಲಿಲ್ಲ, ಅಷ್ಟೆ.

ಹೋರಿ ಚೀಟಿಯಲ್ಲಿ ಏನಿದೆ? ಕ್ಲಚ್. ಕೊನೆ ನಿಮಿಷದ ಶಾಟ್‌ಗಳು. ಹಾಗಾದರೆ ಕ್ಲಚ್ ಅನ್ನುವುದು ಒಂದು ಕೆಲಸವಾ? ಡಿಫೆನ್ಸ್ ಹಾಗೆ, ರೀಬೌಂಡಿಂಗ್ ಹಾಗೆ, ಒಬ್ಬರು ಪಳಗಿಸಿಕೊಳ್ಳುವ ಕಸುಬಾ? ಅಥವಾ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆಯಾ? ಜಗಳದ ಗಂಟು ಇರುವುದು ಇಲ್ಲಿ.

ಹೋರಿಯ ಪಟ್ಟಿ ಸಣ್ಣದಲ್ಲ. 1995ರಲ್ಲಿ ಎನ್‌ಬಿಎ ಫೈನಲ್ಸ್‌ಗೆ ಮುಂಚಿನ ಸುತ್ತಾದ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ನ ಮೊದಲ ಪಂದ್ಯ ಗೆಲ್ಲಿಸಿದ ಶಾಟ್, 6.5 ಸೆಕೆಂಡ್ ಇದ್ದಾಗ. ಅದೇ ವರ್ಷ ಒರ್ಲ್ಯಾಂಡೊ ವಿರುದ್ಧ ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಕೊನೆಯ 15 ಸೆಕೆಂಡ್ ಒಳಗೆ ಇನ್ನೊಂದು ತ್ರೀ. 2001ರ ಫೈನಲ್ಸ್‌ನಲ್ಲಿ ಫಿಲಡೆಲ್ಫಿಯಾ ನೆಲದಲ್ಲಿ, ಒಂದು ನಿಮಿಷಕ್ಕೂ ಕಮ್ಮಿ ಇದ್ದಾಗ ಮತ್ತೊಂದು. 2005 ಆಗಲೇ ಹೇಳಿದೆ. ಇವೆಲ್ಲದರ ನಡುವೆ 2002ರದ್ದು.

ಆ 2002ರ ಶಾಟ್ ಬಿಡಿಸಿ ನೋಡಬೇಕು. ಮೇ 26, ಲಾಸ್ ಏಂಜಲೀಸ್. ಮತ್ತೆ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್. ಹೋರಿಯ ಲೇಕರ್ಸ್ ಎದುರು ಸ್ಯಾಕ್ರಮೆಂಟೊ ಕಿಂಗ್ಸ್ ಸರಣಿಯಲ್ಲಿ 2-1ರಿಂದ ಮುಂದೆ. ನಾಲ್ಕನೇ ಪಂದ್ಯದ ಮೊದಲರ್ಧದಲ್ಲಿ 24 ಪಾಯಿಂಟ್ ಮುಂದಿದ್ದ ಕಿಂಗ್ಸ್, ಕೊನೆಗೆ 99-97ಕ್ಕೆ ಬಂದು ನಿಂತಿದೆ. ಕೋಬಿ ಬ್ರಯಾಂಟ್ ನುಗ್ಗಿ ಹಾಕಿದರು, ಬೀಳಲಿಲ್ಲ. ಶಕೀಲ್ ಓನೀಲ್ ಹಿಡಿದು ಹಾಕಿದರು, ಅದೂ ಬೀಳಲಿಲ್ಲ. ಕಿಂಗ್ಸ್‌ನ ವ್ಲಾಡೆ ಡಿವಾಚ್ ಚೆಂಡನ್ನು ಸುಮ್ನೆ ಆಚೆ ತಟ್ಟಿಬಿಟ್ಟರೆ ಸಮಯ ಮುಗಿದು ಹೋಗುತ್ತೆ ಅಂದುಕೊಂಡು ತಟ್ಟಿದರು. ಚೆಂಡು ಪುಟಿಯುತ್ತಾ ಹೋದದ್ದು ತ್ರೀ ಪಾಯಿಂಟ್ ಗೆರೆಯಾಚೆ ನಿಂತಿದ್ದ ಹೋರಿ ಕೈಗೆ. ನೇರ ಕೈಗೆ. ಅವರು ಎತ್ತಿ ಹಾಕಿದರು. ಬಜರ್ ಕೂಗಿತು. ಚೆಂಡು ಒಳಗೆ. 100-99. ಮುಂದೆ ಲೇಕರ್ಸ್ ಏಳನೇ ಪಂದ್ಯದಲ್ಲಿ ಸರಣಿ ಗೆದ್ದು, ಚಾಂಪಿಯನ್ನೂ ಆಯಿತು.

ಅದು ಅದೃಷ್ಟದ ಶಾಟ್ ಅಂದರು ಡಿವಾಚ್. ನಾನು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಅವರು ಪೇಪರ್ ಓದಲಿ ಅನ್ನುವ ಧಾಟಿಯಲ್ಲಿ ಹೋರಿ ತಿರುಗಿಸಿ ಕೊಟ್ಟರು. ಇಬ್ಬರೂ ಸರಿ ಅಂತಲೇ ನನ್ನ ಅನಿಸಿಕೆ. ಚೆಂಡು ಅಲ್ಲಿಗೆ ಬಂದದ್ದು ಅದೃಷ್ಟ. ಆದರೆ ಹೋರಿ ಅಲ್ಲಿ ಯಾಕಿದ್ದರು? ಸುಮಾರು 6 ಅಡಿ 10 ಇಂಚಿನ ಮನುಷ್ಯ. ಆ ಕಾಲದಲ್ಲಿ ಅಷ್ಟು ಎತ್ತರದವರ ಕೆಲಸ ಬುಟ್ಟಿಯ ಕೆಳಗೆ ನಿಂತು ನೂಕಾಡುವುದು. ಇವರು ಮಾತ್ರ ಗೆರೆಯಾಚೆ ನಿಂತಿದ್ದರು.

ಅದಕ್ಕೊಂದು ಹಿನ್ನೆಲೆ ಇದೆ. 1995ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ತಂಡ ಕ್ಲೈಡ್ ಡ್ರೆಕ್ಸ್ಲರ್‌ಗಾಗಿ ಓಟಿಸ್ ಥಾರ್ಪ್ ಅವರನ್ನು ಬಿಟ್ಟುಕೊಟ್ಟಿತು. ಬುಟ್ಟಿ ಬಳಿ ಆಡುವ ದೊಡ್ಡ ಆಟಗಾರನ, ಅಂದರೆ ಪವರ್ ಫಾರ್ವರ್ಡ್‌ನ, ಜಾಗ ಖಾಲಿಯಾಯಿತು. ಆ ವರ್ಷದ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತದ ನಂತರ ಕಿರೀಟಕ್ಕಾಗಿ ನಡೆಯುವ ಸುತ್ತುಗಳಲ್ಲಿ, ಹೋರಿಯನ್ನು ಅಲ್ಲಿಗೆ ತಂದರು. ಎದುರಾಳಿ ತಂಡಗಳ ದೊಡ್ಡ ಆಟಗಾರರಿಗೆ ಒಂದು ತಲೆನೋವು ಶುರುವಾಯಿತು. ಬುಟ್ಟಿ ಬಳಿ ಹಕೀಮ್ ಒಲಾಜುವನ್‌ಗೆ ಅಡ್ಡ ನಿಲ್ಲಬೇಕಾ, ಅಥವಾ ಹೊರಗೆ ನಿಂತ ಹೋರಿ ಹಿಂದೆ ಹೋಗಬೇಕಾ? ಈಗ ಎಲ್ಲ ತಂಡದಲ್ಲೂ ಇಂಥ ಒಬ್ಬರು ಇರುತ್ತಾರೆ. ಹೊರಗೆ ನಿಂತು ಜಾಗ ಬಿಡಿಸುವ ದೊಡ್ಡ ಆಟಗಾರ ಇಲ್ಲದೆ ಇವತ್ತು ಎನ್‌ಬಿಎ ಆಟವೇ ಇಲ್ಲ. 1995ರಲ್ಲಿ ಅದು ವಿಚಿತ್ರವಾಗಿ ಕಾಣುತ್ತಿತ್ತು. ಅದೇ ಫೈನಲ್ಸ್‌ನ ಎರಡನೇ ಪಂದ್ಯದಲ್ಲಿ ಅವರು ಏಳು ಸ್ಟೀಲ್ ಮಾಡಿದ್ದರು, ಅಂದರೆ ಏಳು ಸಲ ಎದುರಾಳಿಯಿಂದ ಚೆಂಡು ಕಸಿದಿದ್ದರು, ಅನ್ನುವುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ. ಅದು ಫೈನಲ್ಸ್ ದಾಖಲೆ.

ಈಗ ಲೆಕ್ಕದ ಕಡೆ ಬರೋಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐವರ ಎದುರು ಐವರು. ಕೊನೆ ನಿಮಿಷದಲ್ಲಿ ಚೆಂಡು ಯಾರ ಕೈಗೆ ಹೋಗುತ್ತೆ ಅಂತ ಇಡೀ ಕ್ರೀಡಾಂಗಣಕ್ಕೇ ಗೊತ್ತು. ಆ ಸ್ಟಾರ್ ಮೇಲೆ ಇಬ್ಬರು ಬೀಳುತ್ತಾರೆ. ಹಾಗೆ ಬಿದ್ದ ಕ್ಷಣದಲ್ಲಿ ಉಳಿದ ನಾಲ್ವರಿಗೆ ಮೂವರೇ ಕಾವಲು. ಒಬ್ಬರು ಖಾಲಿ ನಿಲ್ಲಲೇಬೇಕು. ಆ ಒಬ್ಬರು ಯಾರಾಗಬೇಕು ಅಂತ ಆರಿಸುವವರು ಎದುರಾಳಿಗಳು. ಐವರಲ್ಲಿ ಯಾರನ್ನು ಬಿಟ್ಟರೆ ನಷ್ಟ ಕಮ್ಮಿ ಅಂತ ಅಂದಾಜು ಮಾಡಿ ಬಿಟ್ಟಿರುತ್ತಾರೆ.

1993ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಫೀನಿಕ್ಸ್ ಸನ್ಸ್ ತಂಡ ಬಿಟ್ಟದ್ದು ಜಾನ್ ಪ್ಯಾಕ್ಸನ್ ಅವರನ್ನು. 3.9 ಸೆಕೆಂಡ್ ಇರುವಾಗ ತ್ರೀ ಬಿತ್ತು. 99-98, ಶಿಕಾಗೊ ಬುಲ್ಸ್‌ಗೆ ಮೂರನೇ ಕಿರೀಟ. 1997ರಲ್ಲಿ ಯೂಟಾ ಜಾಜ್‌ನ ಜಾನ್ ಸ್ಟಾಕ್ಟನ್ ತಾನು ಕಾಯಬೇಕಿದ್ದ ಸ್ಟೀವ್ ಕರ್ ಅವರನ್ನು ಬಿಟ್ಟು ಜೋರ್ಡನ್ ಕಡೆ ಓಡಿದರು. ಹೀಗೇ ಆಗುತ್ತೆ ಅಂತ ಟೈಮ್‌ಔಟ್‌ನಲ್ಲೇ ಜೋರ್ಡನ್ ಕರ್‌ಗೆ ಹೇಳಿದ್ದರು. ನಾನು ತಯಾರಿರುತ್ತೇನೆ ಅಂದಿದ್ದರು ಕರ್. ತಯಾರಿದ್ದರು. ಬುಲ್ಸ್‌ಗೆ ಐದನೇ ಕಿರೀಟ. 2005ರಲ್ಲಿ ರಶೀದ್ ವಾಲೆಸ್ ಮಾಡಿದ್ದೂ ಇದನ್ನೇ.

ಹಾಗಾಗಿ ಪೋಷಕ ಪಾತ್ರದವರ ಕ್ಲಚ್ ಅನ್ನುವುದು ಸ್ಟಾರ್‌ನ ಕ್ಲಚ್‌ಗಿಂತ ಬೇರೆಯೇ ಜಾತಿ. ಸ್ಟಾರ್ ತಾನೇ ಚೆಂಡು ತಟ್ಟಿಕೊಂಡು ಬಂದು, ಇಬ್ಬರ ಮೇಲೆ ಎಗರಿ, ತನ್ನ ಶಾಟ್ ತಾನೇ ಹುಟ್ಟಿಸಿಕೊಳ್ಳುತ್ತಾನೆ. ಎನ್‌ಬಿಎ ಈಗ ಕ್ಲಚ್ ಅಂದರೆ ಕೊನೆಯ ಐದು ನಿಮಿಷ, ಅಂತರ ಐದು ಪಾಯಿಂಟ್ ಒಳಗೆ ಅಂತ ಅಳತೆ ಇಟ್ಟಿದೆ. 2022-23ರಿಂದ ಅದಕ್ಕೊಂದು ವಾರ್ಷಿಕ ಪ್ರಶಸ್ತಿಯೂ ಇದೆ. ಮೊದಲ ಮೂರು ವರ್ಷ ಗೆದ್ದವರು ಡಿಯಾರನ್ ಫಾಕ್ಸ್, ಸ್ಟೆಫ್ ಕರಿ, ಜೇಲನ್ ಬ್ರನ್ಸನ್. ಮೂವರೂ ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಡಿಸುವ ಸ್ಟಾರ್‌ಗಳೇ. ಮೂಲೆಯಲ್ಲಿ ನಿಂತು ಕಾಯುವವರ ಹೆಸರು ಆ ಪ್ರಶಸ್ತಿಯ ಹತ್ತಿರ ಸುಳಿಯುವುದೇ ಕಷ್ಟ.

ಕಾಯುವುದು ಸುಲಭ ಅಂದುಕೊಳ್ಳಬೇಡಿ. ಕಾಲೇಜು ತಂಡದಲ್ಲಿ ನಾನು ಬೆಂಚಿನ ತುದಿಯವನು. ಒಂದೇ ಒಂದು ಸಲ ಕೊನೆಯ ಹತ್ತು ಸೆಕೆಂಡಿನಲ್ಲಿ ಚೆಂಡು ನನ್ನ ಕೈಗೆ ಬಂತು. ಸುತ್ತ ಯಾರೂ ಇರಲಿಲ್ಲ. ಅದೇ ತೊಂದರೆ. ಅಡ್ಡ ಯಾರಾದರೂ ಇದ್ದಿದ್ದರೆ ತಪ್ಪಿಸಿಕೊಳ್ಳುವ ಯೋಚನೆಯಲ್ಲಾದರೂ ಭಯ ಮರೆಯುತ್ತಿತ್ತು. ಅರ್ಧ ಗಂಟೆಯಿಂದ ಚೆಂಡು ಮುಟ್ಟದ ಕೈ ತಣ್ಣಗಾಗಿತ್ತು. ರಿಂಗ್ ಒಂದು ಲೋಟದಷ್ಟು ಕಾಣಿಸಿತು. ಚೆಂಡು ರಿಂಗ್ ಹಾಗಿರಲಿ, ಬೋರ್ಡಿಗೂ ತಾಗಲಿಲ್ಲ. ಮುಂದಿನ ಪಂದ್ಯದಲ್ಲಿ ಆ ಹೊತ್ತಿಗೆ ನನ್ನನ್ನು ಬೆಂಚಿಗೆ ಕರೆದರು. ಸರಿಯಾಗಿಯೇ ಮಾಡಿದರು.

ಹೋರಿಯನ್ನು ಯಾರೂ ಕರೆಯಲಿಲ್ಲ. ಅವರ ಪರವಾದ ನಿಜವಾದ ವಾದ ಇದು ಅಂತ ನನಗನಿಸುತ್ತೆ. ಇದನ್ನು ತೋರಿಸಲು ಅವರು ಹಾಕಿದ ಶಾಟ್‌ಗಿಂತ ತಪ್ಪಿಸಿದ ಶಾಟ್ ಜಾಸ್ತಿ ಸಹಾಯ ಮಾಡುತ್ತದೆ.

2003ರ ಪ್ಲೇಆಫ್. ಆ ವಸಂತದಲ್ಲಿ ಹೋರಿ 38 ತ್ರೀ ಪಾಯಿಂಟರ್ ಎಸೆದರು. ಬಿದ್ದದ್ದು ಎರಡು. ಹೌದು, 38ರಲ್ಲಿ ಎರಡು. ಸ್ಪರ್ಸ್ ವಿರುದ್ಧದ ಸರಣಿಯಲ್ಲಂತೂ 18ಕ್ಕೆ 18 ಖಾಲಿ. ಆ ಸರಣಿಯ ಐದನೇ ಪಂದ್ಯದಲ್ಲಿ ಲೇಕರ್ಸ್ 25 ಪಾಯಿಂಟ್ ಹಿಂದೆ ಬಿದ್ದು, ಅಟ್ಟಿಸಿಕೊಂಡು ಬಂದು, ಕೊನೆ ಸೆಕೆಂಡುಗಳಲ್ಲಿ ಎರಡೇ ಪಾಯಿಂಟ್ ಹಿಂದಿತ್ತು. ಸ್ಪರ್ಸ್‌ನವರು ಕೋಬಿ ಮೇಲೆ ಬಿದ್ದರು. ಚೆಂಡು ಹೋರಿಗೆ. ಮತ್ತೆ ಖಾಲಿ, ಮತ್ತೆ ತ್ರೀ. ಚೆಂಡು ರಿಂಗ್ ಒಳಗೆ ಇಳಿದೇಬಿಟ್ಟಿತು ಅನ್ನುವಷ್ಟರಲ್ಲಿ ತಿರುಗಿ ಹೊರಬಂತು. 96-94. ಮುಂದಿನ ಪಂದ್ಯದಲ್ಲಿ ಲೇಕರ್ಸ್ ಮನೆಗೆ ಹೋಯಿತು. ನಾಲ್ಕನೇ ಸತತ ಕಿರೀಟದ ಕನಸು ಅಲ್ಲಿಗೆ ಮುಗಿಯಿತು.

ಇದನ್ನು ಹೋರಿ ವಿರೋಧಿಗಳು ಎತ್ತಿ ತೋರಿಸುತ್ತಾರೆ. ನೋಡಿ, ಬಿದ್ದಾಗ ಕ್ಲಚ್, ಬೀಳದಿದ್ದಾಗ ಸುದ್ದಿಯೇ ಇಲ್ಲ ಅಂತ. ಆ ಮಾತಿನಲ್ಲಿ ಹುರುಳಿದೆ. ಗೆಲ್ಲಿಸಿದ ಶಾಟ್‌ಗಳನ್ನು ಮಾತ್ರ ಪೋಣಿಸಿದರೆ ಯಾರದ್ದಾದರೂ ಒಂದು ಹಾರ ಆಗುತ್ತೆ. ಅವರ ಪ್ಲೇಆಫ್ ತ್ರೀ ಪಾಯಿಂಟ್ ಶೇಕಡಾವಾರು 35.9. ಲೀಗ್ ಪಂದ್ಯಗಳಲ್ಲಿ 34.1. ಒಂದಿಷ್ಟು ಮೇಲೆ ಹೋಗಿದೆ, ನಿಜ. ಪವಾಡ ಅನ್ನುವಂಥದ್ದೇನಲ್ಲ. ಶಾಟ್ ಹಾಕುವವರಾಗಿ ಸ್ಟೀವ್ ಕರ್ ಅವರ 45.4 ಶೇಕಡಾ ಎದುರು ಇದು ನಿಲ್ಲುವುದಿಲ್ಲ.

ಆದರೆ ಆ ಸಂಜೆ ಇನ್ನೊಂದು ವಿಷಯ ನಡೆದಿತ್ತು. ಕೈ ಅಷ್ಟು ಕೆಟ್ಟುಹೋಗಿದ್ದರೂ ಕೊನೆಯ ಐವರಲ್ಲಿ ಹೋರಿ ಇದ್ದರು. ಹೊರಗೆ ಕೂರಿಸುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಯಾಕೆಂದರೆ ಶಾಟ್ ಅನ್ನುವುದು ಅವರ ಕೆಲಸದ ಒಂದು ಭಾಗ ಅಷ್ಟೆ. ಎದುರಾಳಿಯ ದೊಡ್ಡ ಆಟಗಾರರನ್ನು ಕಾಯುವುದು, ಸರಿಯಾದ ಹೊತ್ತಿಗೆ ಪಾಸ್ ಮಾಡುವುದು, ಯಾವ ಆಟ ಬರುತ್ತಿದೆ ಅಂತ ಮೊದಲೇ ಊಹಿಸಿ ನಿಲ್ಲುವುದು, ತಪ್ಪು ಮಾಡದೇ ಇರುವುದು ಉಳಿದದ್ದು. ಆ ಸರಣಿಯಲ್ಲಿ ಅವರನ್ನು ಎದುರು ನಿಂತು ನೋಡಿದ್ದು ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್. 18ಕ್ಕೆ 18 ಖಾಲಿ ಹೋದದ್ದನ್ನು ಕಣ್ಣಾರೆ ಕಂಡವರು. ಆ ವರ್ಷವೇ ಅದೇ ಹೋರಿಯನ್ನು ಸ್ಪರ್ಸ್ ಸೇರಿಸಿಕೊಂಡಿತು.

ಹ್ಯೂಸ್ಟನ್‌ನಲ್ಲಿ ರೂಡಿ ಟಾಮ್ಜಾನೊವಿಚ್, ಲೇಕರ್ಸ್‌ನಲ್ಲಿ ಫಿಲ್ ಜಾಕ್ಸನ್, ಸ್ಪರ್ಸ್‌ನಲ್ಲಿ ಪೊಪೊವಿಚ್. ಮೂವರೂ ಹಾಲ್ ಆಫ್ ಫೇಮ್ ಕೋಚ್‌ಗಳು. ಮೂವರ ಆಟದ ಶೈಲಿಯೂ ಬೇರೆ ಬೇರೆ. ಮೂವರೂ ಕೊನೆ ನಿಮಿಷಕ್ಕೆ ಇದೇ ಮನುಷ್ಯನನ್ನು ಕಣದಲ್ಲಿ ಬಿಟ್ಟರು. ಹೋರಿ ಆಡಿದ 16 ಸೀಸನ್‌ನಲ್ಲೂ ಅವರ ತಂಡ ಪ್ಲೇಆಫ್ ತಲುಪಿದೆ. ಅವರ ಪ್ಲೇಆಫ್ ಪಂದ್ಯಗಳ ಸಂಖ್ಯೆ 244. ಒಂದು ಲೀಗ್ ಸೀಸನ್ ಅಂದರೆ 82 ಪಂದ್ಯ. ಹೆಚ್ಚು ಕಮ್ಮಿ ಮೂರು ಇಡೀ ಸೀಸನ್‌ನಷ್ಟು ಪ್ಲೇಆಫ್ ಆಡಿದ್ದಾರೆ.

ಅದೃಷ್ಟದ ಪಾಲನ್ನೂ ಹೇಳಿಬಿಡಬೇಕು. 1994ರ ಫೆಬ್ರವರಿಯಲ್ಲಿ ಹೋರಿಯನ್ನು ಡೆಟ್ರಾಯಿಟ್‌ಗೆ ಕೊಟ್ಟು ಶಾನ್ ಎಲಿಯಟ್ ಅವರನ್ನು ತರುವ ವ್ಯಾಪಾರ ಕುದುರಿತ್ತು. ಎಲಿಯಟ್ ವೈದ್ಯಕೀಯ ಪರೀಕ್ಷೆಯಲ್ಲಿ ಕಿಡ್ನಿ ತೊಂದರೆ ಕಂಡಿತು. ವ್ಯಾಪಾರ ಮುರಿಯಿತು. ಹೋರಿ ಗಂಟುಮೂಟೆ ಬಿಚ್ಚಿ ಹ್ಯೂಸ್ಟನ್‌ನಲ್ಲೇ ಉಳಿದರು. ನಾಲ್ಕು ತಿಂಗಳಲ್ಲಿ ಮೊದಲ ಉಂಗುರ. ಅವರು ಅವತ್ತು ಹೋಗಬೇಕಿದ್ದ ಪಿಸ್ಟನ್ಸ್ ಆಗ ಲೀಗ್‌ನ ತಳದಲ್ಲಿದ್ದ ತಂಡ. 1997ರ ಜನವರಿಯಲ್ಲಿ ಫೀನಿಕ್ಸ್‌ನಲ್ಲಿದ್ದಾಗ ಸಿಟ್ಟಿನಲ್ಲಿ ಕೋಚ್ ಡ್ಯಾನಿ ಏಂಜ್ ಮುಖಕ್ಕೆ ಟವಲ್ ಎಸೆದರು. ಬೇರೆಯವರಾಗಿದ್ದರೆ ಮೂಲೆಗುಂಪು. ಇವರನ್ನು ಕಳಿಸಿದ್ದು ಲೇಕರ್ಸ್‌ಗೆ, ಶಕೀಲ್ ಮತ್ತು ಆಗಿನ್ನೂ ಹುಡುಗನಾಗಿದ್ದ ಕೋಬಿ ಇದ್ದ ತಂಡಕ್ಕೆ! ಒಲಾಜುವನ್, ಶಕೀಲ್, ಕೋಬಿ, ಡಂಕನ್. ಇವರ ಪಕ್ಕದಲ್ಲಿ ಹುಟ್ಟಿದ ಉಂಗುರಗಳನ್ನು ಹೋರಿಯ ಉಂಗುರ ಅಂತ ಎಣಿಸುವುದು ಎಷ್ಟು ಸರಿ? ಜೋರ್ಡನ್‌ಗಿಂತ ಒಂದು ಜಾಸ್ತಿ ಅನ್ನುವ ಮಾತು ಕೇಳಲು ಮಜಾ. ವಾದವಾಗಿ ಟೊಳ್ಳು.

ಅವರ ಜೊತೆ ಸದಾ ಕೇಳಿಬರುವ ಇನ್ನೊಂದು ಹೆಸರು ಡೆರೆಕ್ ಫಿಶರ್. ಐದು ಉಂಗುರ, 259 ಪ್ಲೇಆಫ್ ಪಂದ್ಯ. 2004ರಲ್ಲಿ ಸ್ಪರ್ಸ್ ವಿರುದ್ಧ 0.4 ಸೆಕೆಂಡ್ ಉಳಿದಿದ್ದಾಗ ಚೆಂಡು ಹಿಡಿದು, ತಿರುಗಿ, ಹಾಕಿ ಗೆಲ್ಲಿಸಿದವರು. 2009ರ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಸತತ ಐದು ತ್ರೀ ತಪ್ಪಿಸಿ, ಆರನೆಯದನ್ನು 4.6 ಸೆಕೆಂಡ್ ಇದ್ದಾಗ ಹಾಕಿ ಸಮ ಮಾಡಿದರು. ಓವರ್‌ಟೈಮ್‌ನಲ್ಲಿ ಇನ್ನೊಂದು. ಐದು ತಪ್ಪಿದ ಮೇಲೂ ಆರನೆಯದನ್ನು ಎಸೆಯುವ ಧೈರ್ಯ ಇದೆಯಲ್ಲ, ಅದನ್ನು ಯಾವ ಸ್ಕೋರ್‌ಶೀಟೂ ಬರೆದುಕೊಳ್ಳುವುದಿಲ್ಲ. ಇನ್ನು ಕರ್. ಅವರು ಕೋಚ್ ಆಗಿ ಹಾಲ್ ಆಫ್ ಫೇಮ್ ಸೇರುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ನಾಲ್ಕು ಕಿರೀಟ ಅಲ್ಲೇ ಇವೆ. ಆಗ 1997ರ ಶಾಟ್ ಭಾಷಣದಲ್ಲಿ ಒಂದು ಜೋಕ್ ಆಗುತ್ತೆ, ಅಷ್ಟೆ.

ಬೇರೆ ಆಟಗಳೂ ಈ ಕಗ್ಗಂಟನ್ನು ಕಂಡಿವೆ. ಬೇಸ್‌ಬಾಲ್‌ನಲ್ಲಿ ಬಿಲ್ ಮ್ಯಾಜೆರೋಸ್ಕಿ 1960ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯವನ್ನು ಕೊನೆಯ ಹೋಮ್ ರನ್‌ನಿಂದ ಗೆಲ್ಲಿಸಿದರು. ಪತ್ರಕರ್ತರ ಮತದಾನದಲ್ಲಿ ವರ್ಷಗಟ್ಟಲೆ ಸೋತು, 2001ರಲ್ಲಿ ಹಿರಿಯರ ಸಮಿತಿಯ ಮೂಲಕ ಒಳಗೆ ಹೋದರು. ಅಲ್ಲೂ ಅವರ ಪರ ನಿಂತವರು ಹಿಡಿದದ್ದು ಆ ಒಂದು ಹೊಡೆತವನ್ನಲ್ಲ. ಅವರ ಫೀಲ್ಡಿಂಗನ್ನು. ಹೊಡೆತ ಹೆಸರನ್ನು ಜನರ ಬಾಯಲ್ಲಿ ಉಳಿಸಿತು. ಬಾಗಿಲು ತೆರೆಸಿದ್ದು ಕಸುಬು.

ನನ್ನ ಕೈಗೆ ಆ 24 ಮತಗಳಲ್ಲಿ ಒಂದು ಸಿಕ್ಕರೆ? ಕೂಪರ್‌ಗೆ ಕಣ್ಣು ಮುಚ್ಚಿ ಹಾಕುತ್ತಿದ್ದೆ. ಫಿಶರ್‌ಗೆ ಇಲ್ಲ. ಹೋರಿಗೆ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ಇಲ್ಲ ಅಂತಲೇ ಹಾಕುತ್ತಿದ್ದೆ. ಸರಾಸರಿ ಏಳು ಪಾಯಿಂಟ್ ಅನ್ನುವ ಕಾರಣಕ್ಕಲ್ಲ. ಆ 16 ವರ್ಷದಲ್ಲಿ ಯಾವ ವರ್ಷವೂ, ಯಾವ ಒಂದು ಕೆಲಸದಲ್ಲೂ, ಇವರೇ ಲೀಗ್‌ನ ಮೊದಲಿಗರು ಅಂತ ಆಗ ಆಟ ನೋಡುತ್ತಿದ್ದವರು ಹೇಳಲಿಲ್ಲ. ಆಲ್ ಡಿಫೆನ್ಸಿವ್ ತಂಡಕ್ಕೂ ಒಮ್ಮೆಯೂ ಕರೆಯಲಿಲ್ಲ. ಅದು ತೊಡಕು. ಕೋಚ್‌ಗಳ ನಂಬಿಕೆ ದೊಡ್ಡದು. ಅದನ್ನು ಅಳೆಯುವ ಕೋಲು ಮಾತ್ರ ನಮ್ಮ ಕೈಯಲ್ಲಿ ಇನ್ನೂ ಇಲ್ಲ.

ಇದನ್ನು ಬರೆದು ನನಗೇ ಸಮಾಧಾನ ಇಲ್ಲ. ಯಾಕೆಂದರೆ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನಲ್ಲಿ ಆಡಿದ ಆಂಡ್ರೆ ಇಗುಡಾಲ ಹೆಸರು ಬಂದಾಗ ನಾನೇ ಹೂಂ ಅನ್ನುತ್ತೇನೆ. 2014-15ರ ಲೀಗ್ ಹಂತದಲ್ಲಿ ಒಂದೂ ಪಂದ್ಯವನ್ನು ಶುರು ಮಾಡದೆ, ಫೈನಲ್ಸ್‌ನಲ್ಲಿ ತಂಡ 2-1ರಿಂದ ಹಿಂದೆ ಬಿದ್ದಾಗ ಮೊದಲ ಐವರಲ್ಲಿ ಬಂದು, ಮುಂದಿನ ಮೂರೂ ಪಂದ್ಯ ಗೆಲ್ಲಲು ನೆರವಾಗಿ, ಫೈನಲ್ಸ್‌ನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ, ಆದವರು. ಅವರ ಕೈಯಲ್ಲಿ ಆ ಚೀಟಿ ಇದೆ. ಹೋರಿ ಕೈಯಲ್ಲಿ ಇಲ್ಲ. 2005ರ ಫೈನಲ್ಸ್ ಎಂವಿಪಿ ಡಂಕನ್‌ಗೆ ಹೋಯಿತು. ಆ ಶಾಟ್ ಇಲ್ಲದಿದ್ದರೆ ಅದೂ ಹೋಗುತ್ತಿತ್ತಾ?

ಆ ರಾತ್ರಿಯ ಆಬರ್ನ್ ಹಿಲ್ಸ್‌ಗೆ ಒಮ್ಮೆ ವಾಪಸ್ ಹೋಗಿ, ಅಲ್ಲಿದ್ದವರನ್ನು ಎಣಿಸಿ. ಪಿಸ್ಟನ್ಸ್ ಕೋಚ್ ಲ್ಯಾರಿ ಬ್ರೌನ್ ಆಗಲೇ ಹಾಲ್ ಆಫ್ ಫೇಮ್‌ನಲ್ಲಿದ್ದರು. ಡಂಕನ್ 2020ರಲ್ಲಿ ಸೇರಿದರು. ಬೆನ್ ವಾಲೆಸ್ 2021. ಪಾಸ್ ಕೊಟ್ಟ ಜಿನೋಬಿಲಿ 2022. ಟೋನಿ ಪಾರ್ಕರ್ ಮತ್ತು ಪೊಪೊವಿಚ್ 2023. ಚಾನ್ಸಿ ಬಿಲಪ್ಸ್ 2024, ಕೂಪರ್ ಜೊತೆಗೇ. ಪಿಸ್ಟನ್ಸ್‌ನ ಟೇಶಾನ್ ಪ್ರಿನ್ಸ್ ಕೂಡ 2025ರಲ್ಲಿ ಒಳಗೆ ಹೋದರು. 2008ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡವನ್ನು ಇಡಿಯಾಗಿ ಸೇರಿಸಿದಾಗ, ಅದರ ಒಬ್ಬ ಆಟಗಾರನಾಗಿ. 96ನೇ ಪಾಯಿಂಟ್ ಹಾಕಿದವರು ಮಾತ್ರ ಸ್ಪ್ರಿಂಗ್‌ಫೀಲ್ಡ್‌ಗೆ ಹೋದರೆ ಇವತ್ತಿಗೂ ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು.